ಕಡಲಮೀನಿನ ಮರಿಗಳಿಗೆ ಜೀವಂತ ಪ್ಲವಕಾಹಾರ: ಮನೆಯಲ್ಲಿ ಬೆಳೆಸುವ ಕ್ರಮ

ಮೊಟ್ಟೆಯೊಡೆದು ಹೊರಬಂದ ಕಡಲಮೀನಿನ ಮರಿಗೆ ಮೊದಲ ಕೆಲವು ವಾರ ಉಣಿಸಬೇಕಾದ ಸೂಕ್ಷ್ಮಜೀವಿಗಳನ್ನು ಪಾತ್ರೆಗಳಲ್ಲಿ ಬೆಳೆಸಿ, ಬೇಕಾದ ದಿನ ಬೇಕಾದ ಗಾತ್ರದಲ್ಲಿ ಒದಗಿಸುವ ವಿಧಾನಕ್ಕೆ ಪ್ಲವಕಾಹಾರ ಸಾಕಣೆ ಎನ್ನುತ್ತಾರೆ. ಇದರಲ್ಲಿ ನಾಲ್ಕು ಬಗೆಯ ಜೀವಿಗಳು ಮುಖ್ಯ. ನೀರಿನಲ್ಲಿ ತೇಲುವ ಏಕಕೋಶದ ಸೂಕ್ಷ್ಮಪಾಚಿ, ಆ ಪಾಚಿಯನ್ನು ತಿಂದು ಬೆಳೆಯುವ ರೋಟಿಫರ್, ಉಪ್ಪಿನ ಸರೋವರಗಳಲ್ಲಿ ಹುಟ್ಟುವ ಆರ್ಟೀಮಿಯಾ, ಸಮುದ್ರದಲ್ಲಿ ಎಲ್ಲೆಡೆ ಕಾಣುವ ಕೋಪಿಪಾಡ್. ದೊಡ್ಡ ಮೀನುಮರಿ ಕೇಂದ್ರಗಳು ಇವನ್ನು ಟನ್ನುಗಟ್ಟಲೆ ನೀರಿನಲ್ಲಿ ಬೆಳೆಸುತ್ತವೆ. ಅದೇ ಕೆಲಸವನ್ನು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಒಂದೆರಡು ಬಕೆಟ್, ಒಂದು ಗಾಳಿ ಪಂಪು, ಒಂದು ಟ್ಯೂಬ್‌ಲೈಟು ಇಟ್ಟುಕೊಂಡು ಮನೆಯ ಮೂಲೆಯಲ್ಲೂ ಮಾಡಬಹುದು. ಕಳೆದ ಐವತ್ತು ವರ್ಷಗಳಲ್ಲಿ ಬಹಳ ಜನ ಹಾಗೆ ಮಾಡಿದ್ದಾರೆ.

ಸಿಹಿನೀರಿನ ಅಕ್ವೇರಿಯಂ ಸಾಕಿದವರಿಗೆ ಇಷ್ಟೊಂದು ಸಿದ್ಧತೆ ಏಕೆ ಎನಿಸಬಹುದು. ಗಪ್ಪಿಯ ಮರಿ ಹುಟ್ಟಿದ ದಿನವೇ ಪುಡಿಯಾಹಾರ ತಿನ್ನುತ್ತದೆ. ಕಡಲಮೀನುಗಳಲ್ಲಿ ಬಹುಪಾಲು ಹಾಗಲ್ಲ. ಅವು ಸಾವಿರಾರು ಸಣ್ಣ ಮೊಟ್ಟೆಗಳನ್ನಿಟ್ಟು ಕಡಲಿಗೆ ಒಪ್ಪಿಸಿಬಿಡುತ್ತವೆ. ಹೊರಬಂದ ಮರಿ ಕೆಲವೇ ಮಿಲಿಮೀಟರ್ ಉದ್ದದ ಪಾರದರ್ಶಕ ಎಳೆ. ಹಲವು ಜಾತಿಗಳಲ್ಲಿ ಹುಟ್ಟುವಾಗ ಕಣ್ಣಿಗೆ ಬಣ್ಣ ಬಂದಿರುವುದಿಲ್ಲ, ಬಾಯಿ ತೆರೆದಿರುವುದಿಲ್ಲ. ಹೊಟ್ಟೆಯ ಕೆಳಗಿನ ಹಳದಿಯ ಚೀಲದಲ್ಲಿ ತಾಯಿ ಕೊಟ್ಟ ಬುತ್ತಿ ಎರಡು ಮೂರು ದಿನಕ್ಕೆ ಸಾಕಾಗುತ್ತದೆ. ಅದು ಮುಗಿಯುವ ಹೊತ್ತಿಗೆ ಕಣ್ಣು ಕಾಣಬೇಕು, ಬಾಯಿ ತೆರೆಯಬೇಕು, ಬಾಯಿಗೆ ಹಿಡಿಸುವ ಆಹಾರ ಎದುರಿಗೇ ಇರಬೇಕು. ತಡವಾದರೆ ಮರಿ ನಿಶ್ಶಕ್ತವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಆಹಾರ ಸಿಕ್ಕಿದರೂ ಹಿಡಿಯಲಾರದೆ ಸಾಯುತ್ತದೆ. ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಇದನ್ನು ಮೀನಿನ ಬದುಕಿನ ನಿರ್ಣಾಯಕ ಘಟ್ಟವೆಂದು ಗುರುತಿಸಿ, ಸಮುದ್ರದಲ್ಲಿ ಯಾವ ವರ್ಷ ಮೀನು ಹೆಚ್ಚು, ಯಾವ ವರ್ಷ ಕಡಿಮೆ ಎಂಬುದು ಈ ಕೆಲವು ದಿನಗಳಲ್ಲೇ ತೀರ್ಮಾನವಾಗುತ್ತದೆಂದು ವಾದಿಸಿದ. ತೆರೆದ ಕಡಲಿಗೆ ಆ ವಾದ ಎಷ್ಟರ ಮಟ್ಟಿಗೆ ಹೊಂದುತ್ತದೆಂಬ ಚರ್ಚೆ ಇನ್ನೂ ನಡೆದಿದೆ. ಮನೆಯ ತೊಟ್ಟಿಗಂತೂ ಅದು ಅಕ್ಷರಶಃ ಹೊಂದುತ್ತದೆ.

ಈ ಮರಿಗಳಿಗೆ ಒಣ ಆಹಾರ ಏಕೆ ಆಗದೆಂದರೆ, ಅವು ಕಣ್ಣಿನಿಂದ ಬೇಟೆಯಾಡುವ ಜೀವಿಗಳು. ಅಲುಗಾಡದ್ದು ಅವಕ್ಕೆ ಆಹಾರವಲ್ಲ. ಪುಡಿ ತಳಕ್ಕಿಳಿದು ಕೊಳೆಯುತ್ತದೆ, ಅದರ ಪೋಷಕಾಂಶ ನೀರಿಗೆ ಬಿಟ್ಟುಹೋಗುತ್ತದೆ. ಇನ್ನೊಂದು ಕಾರಣ ಒಳಗಿದೆ: ಈ ವಯಸ್ಸಿನಲ್ಲಿ ಮರಿಗೆ ಜಠರವೇ ರೂಪುಗೊಂಡಿರುವುದಿಲ್ಲ, ನೇರ ಕೊಳವೆಯಂಥ ಕರುಳಷ್ಟೇ ಇರುತ್ತದೆ. ಜೀವಂತ ಪ್ಲವಕದ ಮೆತ್ತನೆಯ ದೇಹ ಅಂಥ ಕರುಳಿಗೂ ಜೀರ್ಣವಾಗುತ್ತದೆ.

ಗಾತ್ರ ಮತ್ತು ಕೊಬ್ಬು

ಮರಿಯ ಆಹಾರವನ್ನು ಆರಿಸುವಾಗ ಮೊದಲು ನೋಡುವುದು ಗಾತ್ರ. ಕ್ಲೌನ್ ಮೀನಿನ ಮರಿ ಹುಟ್ಟುವಾಗಲೇ ಮೂರು ನಾಲ್ಕು ಮಿಲಿಮೀಟರ್ ಉದ್ದವಿದ್ದು, 200 ಮೈಕ್ರಾನಿನ ರೋಟಿಫರನ್ನು ಮೊದಲ ದಿನವೇ ನುಂಗಬಲ್ಲದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಗ್ರೂಪರ್, ಏಂಜಲ್ ಮೀನು, ಟ್ಯಾಂಗ್ ಮುಂತಾದವುಗಳ ಮರಿಗೆ ಅದು ತೀರ ದೊಡ್ಡ ತುತ್ತು. ಅವಕ್ಕೆ 100 ಮೈಕ್ರಾನಿಗಿಂತ ಚಿಕ್ಕದು ಬೇಕು. ಇದಕ್ಕೆ ವಿರುದ್ಧ ತುದಿಯಲ್ಲಿದೆ ಬಾಂಗ್ಗಾಯ್ ಕಾರ್ಡಿನಲ್ ಮೀನು. ಇಂಡೊನೇಷ್ಯಾದ ಸುಲಾವೆಸಿಯ ಬಳಿಯ ಬಾಂಗ್ಗಾಯ್ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಬದುಕುವ ಈ ಮೀನಿನಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡಿ, ಪೂರ್ಣ ರೂಪುಗೊಂಡ ಮರಿಗಳನ್ನೇ ಹೊರಬಿಡುತ್ತದೆ. ಅವು ಅದೇ ದಿನ ಆರ್ಟೀಮಿಯಾ ತಿನ್ನುತ್ತವೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತ ಹಿಡಿದದ್ದರಿಂದ 2007ರಲ್ಲಿ ಇದು ಅಪಾಯದಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಪಾಚಿ, ರೋಟಿಫರ್ ಯಾವುದೂ ಬೇಡದ, ಇಷ್ಟು ಸುಲಭವಾಗಿ ಮನೆಯಲ್ಲೇ ಸಾಕಬಹುದಾದ ಮೀನನ್ನು ಕಡಲಿನಿಂದ ಬಾಚಿ ತರುವುದು ಸಲ್ಲದು.

ಎರಡನೆಯದು, ಮತ್ತು ಹೊಸಬರು ಹೆಚ್ಚಾಗಿ ಕಡೆಗಣಿಸುವುದು, ಆಹಾರದ ಒಳಗಿನ ಕೊಬ್ಬು. ಮರಿಯ ಮಿದುಳು, ಕಣ್ಣಿನ ರೆಟಿನಾ, ನರಗಳು ಕಟ್ಟಿಕೊಳ್ಳಲು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಬೇಕು. ಇಪಿಎ ಮತ್ತು ಎಆರ್‌ಎ ಎಂಬ ಇನ್ನೆರಡೂ ಬೇಕು. ಸಿಹಿನೀರಿನ ಹಲವು ಮೀನುಗಳು ಸಸ್ಯಮೂಲದ ಸರಳ ಕೊಬ್ಬಿನಿಂದ ಇವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಬಹುತೇಕ ಕಡಲಮೀನುಗಳಿಗೆ ಅದು ಸಾಕಷ್ಟು ಸಾಧ್ಯವಿಲ್ಲ, ಆಹಾರದಲ್ಲೇ ಬರಬೇಕು. ಬರದಿದ್ದರೆ ಮರಿ ಹೊಟ್ಟೆ ತುಂಬಿಕೊಂಡೇ ಸಾಯುತ್ತದೆ. ಉಳಿದವು ಮಚ್ಚೆಪಟ್ಟಿ ಅರೆಬರೆಯಾಗಿ, ಕಿವಿರಿನ ಮುಚ್ಚಳ ಮೊಟಕಾಗಿ ಬೆಳೆಯುವುದುಂಟು. ದೀಪ ಹಾಕಿದ ತಕ್ಷಣ ಬೆಚ್ಚಿ ಸತ್ತುಬೀಳುವುದೂ ಉಂಟು. ಜಪಾನಿನ ತಾಕೇಶಿ ವತನಾಬೆ ಮತ್ತು ಸಂಗಡಿಗರು 1970 ಮತ್ತು 80ರ ದಶಕಗಳಲ್ಲಿ ಈ ಸಂಬಂಧವನ್ನು ಬಿಡಿಸಿ ತೋರಿಸಿದ ಮೇಲೆ ರೋಟಿಫರ್ ಎಷ್ಟಿದೆ ಎಂಬ ಪ್ರಶ್ನೆಯ ಜೊತೆಗೆ ರೋಟಿಫರ್ ಏನು ತಿಂದಿದೆ ಎಂಬ ಪ್ರಶ್ನೆಯೂ ಸೇರಿಕೊಂಡಿತು. ನನ್ನ ದೃಷ್ಟಿಯಲ್ಲಿ ಮರಿ ಸಾಕಣೆಯ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ನಡೆದುಬಂದ ದಾರಿ

ಕಡಲಿನ ಸೂಕ್ಷ್ಮಪಾಚಿಯನ್ನು ಪಾತ್ರೆಯಲ್ಲಿ ಬೆಳೆಸುವ ವ್ಯವಸ್ಥಿತ ಪ್ರಯತ್ನವನ್ನು ಇಂಗ್ಲೆಂಡಿನ ಪ್ಲಿಮತ್ ಪ್ರಯೋಗಾಲಯದಲ್ಲಿ ಅಲೆನ್ ಮತ್ತು ನೆಲ್ಸನ್ 1910ರಲ್ಲಿ ಪ್ರಕಟಿಸಿದರು. ಆರ್ಟೀಮಿಯಾ ಮರಿಗಳು ಮೀನುಮರಿಗೆ ಒಳ್ಳೆಯ ಆಹಾರವೆಂದು 1930ರ ದಶಕದಲ್ಲಿ ಅಮೆರಿಕದ ಸೀಲ್, ನಾರ್ವೆಯ ರೊಲೆಫ್ಸೆನ್ ತೋರಿಸಿದರು. ಇವೆರಡರ ನಡುವಿನ ಗಾತ್ರದ ಆಹಾರ ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಜಪಾನಿನ ಹಾವುಮೀನಿನ ಕೊಳಗಳಲ್ಲಿ. ಅಲ್ಲಿ ಹಸಿರಾಗಿದ್ದ ಕೊಳದ ನೀರು ಇದ್ದಕ್ಕಿದ್ದಂತೆ ತಿಳಿಯಾಗಿ ಮೀನು ಸಾಯುತ್ತಿದ್ದವು. ಪಾಚಿಯನ್ನೆಲ್ಲ ಮೇಯ್ದು ಮುಗಿಸುತ್ತಿದ್ದ ರೋಟಿಫರನ್ನು ರೈತರು ಪೀಡೆಯೆಂದೇ ಎಣಿಸಿದ್ದರು. ಅದನ್ನು ಅಭ್ಯಸಿಸುತ್ತಿದ್ದ ತಾಕಾಶಿ ಇತೊ 1960ರಲ್ಲಿ, ಇದೇ ಜೀವಿಯನ್ನು ಕಡಲಮೀನಿನ ಮರಿಗಳಿಗೆ ಉಣಿಸಬಹುದೆಂದು ಬರೆದರು. ಇಂದು ಜಗತ್ತಿನ ಕಡಲಮೀನು ಮರಿ ಕೇಂದ್ರಗಳಲ್ಲಿ ಬಹುಪಾಲು ಈ ಹಳೆಯ ಪೀಡೆಯ ಮೇಲೆ ನಿಂತಿವೆ.

ಅಮೆರಿಕದ ಗಿಲ್ಲಾರ್ಡ್ ಮತ್ತು ರೈದರ್ 1962ರಲ್ಲಿ ಕೊಟ್ಟ ಪಾಚಿಗೊಬ್ಬರದ ಸೂತ್ರವನ್ನು ಅರ್ಧಕ್ಕಿಳಿಸಿದ ರೂಪವೇ ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಫ್/2 ದ್ರಾವಣ. ನಮ್ಮ ದೇಶದ ಮರಿ ಕೇಂದ್ರಗಳಲ್ಲಿ ವಾಲ್ನ್ ಸೂತ್ರ ಹೆಚ್ಚು ಪರಿಚಿತ. ಅದನ್ನು ಕಾನ್ವೇ ದ್ರಾವಣವೆಂದೂ ಕರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಫ್ಲಾರಿಡಾದ ಮಾರ್ಟಿನ್ ಮೋ ಕ್ಲೌನ್ ಮೀನನ್ನು ವಾಣಿಜ್ಯ ಪ್ರಮಾಣದಲ್ಲಿ ಮರಿ ಮಾಡಿಸಿದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಸೊರ್ಗೆಲೂಸ್ 1978ರಲ್ಲಿ ಕಟ್ಟಿದ ಆರ್ಟೀಮಿಯಾ ಕೇಂದ್ರ ಈ ವಿದ್ಯೆಯ ಬಹುಪಾಲನ್ನು ಅಳತೆಗೆ, ಲೆಕ್ಕಕ್ಕೆ ತಂದಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1996ರಲ್ಲಿ ಹೊರತಂದ ಜೀವಂತ ಆಹಾರದ ಕೈಪಿಡಿ ಅದೇ ಕೇಂದ್ರದವರು ಸಂಪಾದಿಸಿದ್ದು.

ಸೂಕ್ಷ್ಮಪಾಚಿ

ಎಲ್ಲದರ ಬುಡದಲ್ಲಿರುವುದು ಹಸಿರು ನೀರು. ಮನೆಯಲ್ಲಿ ಬೆಳೆಸಲು ಅತಿ ಗಟ್ಟಿಮುಟ್ಟಾದದ್ದು ನ್ಯಾನೊಕ್ಲೊರಾಪ್ಸಿಸ್. ಎರಡರಿಂದ ನಾಲ್ಕು ಮೈಕ್ರಾನಿನ ಈ ಗುಂಡುಕೋಶದಲ್ಲಿ ಇಪಿಎ ಧಾರಾಳ, ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ಹೊಂಗಂದು ಬಣ್ಣದ ಐಸೊಕ್ರೈಸಿಸ್‌ನಲ್ಲಿ ಡಿಎಚ್‌ಎ ಚೆನ್ನಾಗಿದೆ. ಟಹೀಟಿ ದ್ವೀಪದಿಂದ ಬಂದ ತಳಿ ಉಷ್ಣವಲಯದ ಸೆಕೆಯನ್ನು ತಡೆಯುವುದರಿಂದ ನಮ್ಮ ಹವೆಗೆ ಅದೇ ಸೂಕ್ತ. ಆದರೆ ಇದು ನಾಜೂಕಿನ ಪಾಚಿ, ಸ್ವಲ್ಪ ಕಲಬೆರಕೆಯಾದರೂ ಕುಸಿಯುತ್ತದೆ. ಟೆಟ್ರಾಸೆಲ್ಮಿಸ್ ಇವೆರಡಕ್ಕಿಂತ ದೊಡ್ಡದು, ಬಾಲವಾಡಿಸಿ ಈಜುತ್ತದೆ, ಒರಟಾಗಿ ನಡೆಸಿಕೊಂಡರೂ ಬದುಕುತ್ತದೆ. ಒಂದೇ ಪಾಚಿ ಬೆಳೆಸುವುದಾದರೆ ನ್ಯಾನೊಕ್ಲೊರಾಪ್ಸಿಸ್‌ನಿಂದ ತೊಡಗಬೇಕು. ಕೈ ಪಳಗಿದ ಮೇಲೆ ಐಸೊಕ್ರೈಸಿಸ್ ಸೇರಿಸಿಕೊಳ್ಳಬೇಕು. ಎರಡನ್ನೂ ತಿಂದ ರೋಟಿಫರ್ ಒಂದನ್ನೇ ತಿಂದದ್ದಕ್ಕಿಂತ ಬಹಳ ಮೇಲು.

ಕ್ರಮ ಸರಳ. ಉಪ್ಪುನೀರಿಗೆ ಬ್ಲೀಚಿಂಗ್ ದ್ರಾವಣ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಅಂಶ ತೆಗೆಯಬೇಕು. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ ಆರಿಸಿದ ನೀರೂ ಆದೀತು. ಗೊಬ್ಬರದ ದ್ರಾವಣ ಬೆರೆಸಿ, ಹಳೆಯ ಬಾಟಲಿಯಿಂದ ಐದನೆಯ ಒಂದು ಪಾಲು ಪಾಚಿನೀರನ್ನು ಹಾಲಿಗೆ ಹೆಪ್ಪು ಹಾಕಿದಂತೆ ಹಾಕಬೇಕು. ಟ್ಯೂಬ್‌ಲೈಟಿನ ಎದುರು ಇಟ್ಟು ಗಾಳಿ ಹಾಯಿಸುತ್ತಿದ್ದರೆ ವಾರದೊಳಗೆ ನೀರು ಕಡುಹಸಿರಾಗುತ್ತದೆ. ಗೊಬ್ಬರದಲ್ಲಿ ನೈಟ್ರೇಟು, ಫಾಸ್ಫೇಟು, ಕಬ್ಬಿಣ, ಅತ್ಯಲ್ಪ ಲೋಹಾಂಶ, ಜೊತೆಗೆ ಬಿ12, ಬಿ1, ಬಯೋಟಿನ್ ಎಂಬ ಮೂರು ವಿಟಮಿನ್‌ಗಳಿರುತ್ತವೆ. ಡಯಾಟಂ ಬಗೆಯ ಪಾಚಿ ಬೆಳೆಸುವವರು ಸಿಲಿಕೇಟನ್ನೂ ಸೇರಿಸುತ್ತಾರೆ. ಮೊದಲ ಒಂದೆರಡು ದಿನ ಏನೂ ಬದಲಾದಂತೆ ಕಾಣದು, ಆಮೇಲೆ ದುಪ್ಪಟ್ಟು ದುಪ್ಪಟ್ಟಾಗಿ ಏರುತ್ತದೆ, ಕೊನೆಗೆ ಬೆಳಕು ಮತ್ತು ಗೊಬ್ಬರ ಸಾಲದೆ ನಿಲ್ಲುತ್ತದೆ. ಏರುತ್ತಿರುವಾಗಲೇ ಪಾಲು ಮಾಡಿ ಹೊಸ ಬಾಟಲಿ ಹೂಡಬೇಕು. ನಿಂತುಹೋದ ಪಾಚಿಯಿಂದ ಹೂಡಿದ ಬಾಟಲಿ ತಡವಾಗಿ ಏಳುತ್ತದೆ, ಬೇಗ ಮಲಗುತ್ತದೆ. ಬಣ್ಣ ಹಳದಿಗೆ ತಿರುಗಿ, ತಳದಲ್ಲಿ ಗಸಿ ಕಟ್ಟಿ, ಮೇಲೆ ನೊರೆ ನಿಂತರೆ ಆ ಬಾಟಲಿಯನ್ನು ಚೆಲ್ಲಿಬಿಡಬೇಕು.

ಇಲ್ಲಿ ಪಾಲಿಸಲೇಬೇಕಾದ ಒಂದು ಶಿಸ್ತಿದೆ. ಪಾಚಿಯ ಕೆಲಸ ಮೊದಲು, ರೋಟಿಫರಿನ ಕೆಲಸ ಆಮೇಲೆ. ರೋಟಿಫರ್ ಬಕೆಟ್ ಮುಟ್ಟಿದ ಕೈ, ಕೊಳವೆ, ಲೋಟ ಯಾವುದೂ ತೊಳೆಯದೆ ಪಾಚಿಯ ಕಡೆ ಹೋಗಕೂಡದು. ಒಂದೇ ಒಂದು ರೋಟಿಫರ್ ಪಾಚಿ ಬಾಟಲಿಗೆ ಬಿದ್ದರೆ ಒಂದು ವಾರದಲ್ಲಿ ಅದು ರೋಟಿಫರಿನ ಬಾಟಲಿಯಾಗಿರುತ್ತದೆ. ಗುಳ್ಳೆ ಒಡೆದು ಹಾರುವ ಹನಿಯಿಂದಲೂ ಹೀಗಾಗುತ್ತದೆ. ಸಾಧ್ಯವಿದ್ದವರು ಎರಡನ್ನೂ ಬೇರೆ ಕೋಣೆಗಳಲ್ಲಿಡಬೇಕು. ತಳಿ ಕಳೆದುಹೋಗದಂತೆ ಒಂದೆರಡು ಸಣ್ಣ ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ದಿನಕ್ಕೊಮ್ಮೆ ಅಲುಗಿಸಿದರೆ ನ್ಯಾನೊಕ್ಲೊರಾಪ್ಸಿಸ್ ವಾರಗಟ್ಟಲೆ ಬದುಕಿರುತ್ತದೆ.

ಈಗ ಸಾಂದ್ರೀಕರಿಸಿದ ಪಾಚಿಯ ಹಿಟ್ಟು ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೋಶಗಳು ಸತ್ತಿದ್ದರೂ ಒಡೆದಿರುವುದಿಲ್ಲ. ಹನಿ ಹನಿಯಾಗಿ ಹಾಕಿದರೆ ರೋಟಿಫರ್ ಅದನ್ನು ತಿಂದು ಚೆನ್ನಾಗಿಯೇ ಹೆಚ್ಚುತ್ತದೆ. ಇದನ್ನು ಬಳಸಿದರೆ ಅರ್ಧ ಶ್ರಮ ಉಳಿಯುತ್ತದೆ, ಅದರಲ್ಲಿ ಕೀಳೆಂಬುದೇನಿಲ್ಲ. ಆದರೆ ಸತ್ತ ಪಾಚಿ ನೀರಿನ ಅಮೋನಿಯವನ್ನು ಹೀರುವುದಿಲ್ಲ, ಹೆಚ್ಚಾದರೆ ತಾನೇ ಕೊಳೆಯುತ್ತದೆ. ಹಾಗಾಗಿ ಒಂದೆರಡು ಜೀವಂತ ಬಾಟಲಿಗಳೂ ಇರಲಿ ಎನ್ನುವುದು ಅನುಭವಿಗಳ ಮಾತು.

ರೋಟಿಫರ್

ಮನೆ ಸಾಕಣೆಯ ನಡುಗಂಬ ಬ್ರಾಕಿಯೋನಸ್ ಎಂಬ ರೋಟಿಫರ್. ತಲೆಯ ಮೇಲಿನ ರೋಮಗಳ ಬಳೆಯನ್ನು ಚಕ್ರ ತಿರುಗಿದಂತೆ ಕಾಣುವ ಹಾಗೆ ಬಡಿಯುತ್ತ ಈಜುತ್ತದೆ, ಅದೇ ಬಡಿತದಿಂದ ನೀರಿನ ಕಣಗಳನ್ನು ಬಾಯಿಗೆ ಸೆಳೆಯುತ್ತದೆ. ದೊಡ್ಡ ತಳಿ 130ರಿಂದ 340 ಮೈಕ್ರಾನ್, ಸಣ್ಣ ತಳಿ 100ರಿಂದ 210 ಮೈಕ್ರಾನ್. ಹಿಂದೆ ಇವನ್ನು ಒಂದೇ ಜಾತಿಯ ಎರಡು ರೂಪಗಳೆಂದು ಬಗೆದಿದ್ದರು. ಈಗ ಬೇರೆಬೇರೆ ಜಾತಿಗಳೆಂದು ಒಪ್ಪಿದ್ದಾರೆ.

ಇದರ ಸಂತಾನಕ್ರಮ ಸಾಕುವವನಿಗೆ ವರದಾನ. ಪರಿಸ್ಥಿತಿ ಚೆನ್ನಾಗಿರುವವರೆಗೆ ಹೆಣ್ಣುಗಳೇ ಇರುತ್ತವೆ, ಗಂಡಿನ ಹಂಗಿಲ್ಲದೆ ಹೆಣ್ಣುಗಳನ್ನೇ ಹೆರುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮರಿ ಒಂದೂವರೆ ದಿನದೊಳಗೆ ಪ್ರಾಯಕ್ಕೆ ಬರುತ್ತದೆ, ಕೆಲವು ಗಂಟೆಗಳಿಗೊಂದರಂತೆ ಮೊಟ್ಟೆಯಿಡುತ್ತದೆ, ನಾಲ್ಕು ದಿನದ ಆಸುಪಾಸಿನಲ್ಲಿ ಆಯುಸ್ಸು ಮುಗಿಸುತ್ತದೆ. ಉಪ್ಪಿನಂಶ, ಉಷ್ಣತೆ, ಆಹಾರಗಳಲ್ಲಿ ಏರುಪೇರಾದಾಗ ಮಾತ್ರ ಗಂಡುಗಳು ಹುಟ್ಟಿ, ಕೂಡಿಕೆಯಿಂದ ದಪ್ಪಚಿಪ್ಪಿನ ಸುಪ್ತ ಮೊಟ್ಟೆಗಳಾಗುತ್ತವೆ. ಆ ಮೊಟ್ಟೆ ವರ್ಷಗಟ್ಟಲೆ ಒಣಗಿ ಕಾಯಬಲ್ಲದು. ಸಾಕುವ ಬಕೆಟಿನಲ್ಲಿ ಅಂಥ ಮೊಟ್ಟೆ, ಚಿಕ್ಕ ಗಂಡುಗಳು ಕಂಡರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಹತ್ತು ಹನ್ನೆರಡು ಲೀಟರಿನ ಬಕೆಟು, ಕಡಲಿಗಿಂತ ತೆಳುವಾದ ಉಪ್ಪುನೀರು (ಲೀಟರಿಗೆ 20ರಿಂದ 25 ಗ್ರಾಂ), 25ರಿಂದ 28 ಡಿಗ್ರಿ ಉಷ್ಣತೆ, ನಿಧಾನವಾಗಿ ಏಳುವ ದಪ್ಪ ಗುಳ್ಳೆ, ಇಷ್ಟು ಸಾಕು. ಗಾಳಿಕಲ್ಲು ಬೇಡ; ಸಣ್ಣ ಗುಳ್ಳೆಗಳು ರೋಟಿಫರಿಗೆ ಅಂಟಿ ಅವನ್ನು ಮೇಲಕ್ಕೆ ತೇಲಿಸುತ್ತವೆ, ನೊರೆ ಕಟ್ಟಿಸುತ್ತವೆ. ದಿನಕ್ಕೆ ಒಂದೆರಡು ಲೀಟರ್ ಕಡುಹಸಿರು ಪಾಚಿನೀರು ಹಾಕಬೇಕು. ಬಕೆಟಿನ ನೀರು ಯಾವಾಗಲೂ ತೆಳುಹಸಿರಾಗಿರಬೇಕು, ಪೂರ್ತಿ ತಿಳಿಯಾದರೆ ಅವು ಉಪವಾಸ ಬಿದ್ದಿವೆ. ದಿನವೂ ನಾಲ್ಕನೆಯ ಒಂದು ಪಾಲನ್ನು 53 ಮೈಕ್ರಾನಿನ ಜಾಲರಿಯಲ್ಲಿ ಸೋಸಿ ತೆಗೆದು, ಅಷ್ಟೇ ಹೊಸ ನೀರು ತುಂಬಬೇಕು. ಮೀನುಮರಿ ಇಲ್ಲದ ದಿನವೂ ಈ ಕೊಯ್ಲು ತಪ್ಪಬಾರದು. ಕೊಯ್ಯದೆ ಬಿಟ್ಟರೆ ಸಂಖ್ಯೆ ಏರಿ, ಅಮೋನಿಯ ಹೆಚ್ಚಿ, ಒಂದು ಬೆಳಗ್ಗೆ ನೋಡುವಾಗ ಎಲ್ಲವೂ ಸತ್ತು ತಳದಲ್ಲಿ ಕುಳಿತಿರುತ್ತವೆ. ಈ ಕುಸಿತ ಎಂಥ ಅನುಭವಿಗಳಿಗೂ ಬರುತ್ತದೆ. ಅದಕ್ಕೇ ಎರಡು ಬಕೆಟ್ ಇರಬೇಕು, ಒಂದರ ಜಾಲರಿ ಇನ್ನೊಂದಕ್ಕೆ ತಾಕಬಾರದು.

ಕುಸಿತದ ಸುಳಿವು ಮೊದಲೇ ಸಿಗುತ್ತದೆ. ಒಂದು ಮಿಲಿಲೀಟರ್ ನೀರನ್ನು ಪಿಪೆಟ್ಟಿನಲ್ಲಿ ತೆಗೆದು, ಒಂದು ಹನಿ ಅಯೋಡಿನ್ ಹಾಕಿ ಅವು ನಿಂತ ಮೇಲೆ ಭೂತಗನ್ನಡಿಯಲ್ಲಿ ಎಣಿಸಬೇಕು. ಎಣಿಸುವಾಗ ಸಂಖ್ಯೆಯ ಜೊತೆಗೆ ಎಷ್ಟು ಹೆಣ್ಣುಗಳ ಬಾಲದ ಬುಡದಲ್ಲಿ ಮೊಟ್ಟೆ ಅಂಟಿಕೊಂಡಿದೆಯೆಂದು ನೋಡಬೇಕು. ಹತ್ತರಲ್ಲಿ ಮೂರಕ್ಕಾದರೂ ಮೊಟ್ಟೆಯಿದ್ದರೆ ಬಕೆಟ್ ಏರುಮುಖದಲ್ಲಿದೆ. ನಿನ್ನೆಗಿಂತ ಸಂಖ್ಯೆ ಹೆಚ್ಚಿದ್ದು ಮೊಟ್ಟೆ ಕಡಿಮೆಯಾಗಿದ್ದರೆ ಹಿಗ್ಗಬಾರದು. ಕೂಡಲೇ ಅರ್ಧ ನೀರು ಬದಲಿಸಬೇಕು. ಮಸೂರದ ಕೆಳಗೆ ಗುರ್ರೆಂದು ಓಡಾಡುವ ಯೂಪ್ಲೋಟಿಸ್‌ನಂಥ ಸೀಲಿಯೇಟು ಸೂಕ್ಷ್ಮಜೀವಿಗಳು ತುಂಬಿದ್ದರೆ ತಳದಲ್ಲಿ ಕೊಳೆ ಹೆಚ್ಚಾಗಿದೆಯೆಂದು ತಿಳಿಯಬೇಕು.

ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಇಪ್ಪತ್ತು ಲೀಟರಿನ ಮರಿತೊಟ್ಟಿಯಲ್ಲಿ ಮಿಲಿಲೀಟರಿಗೆ ಹತ್ತು ರೋಟಿಫರ್ ಇರಬೇಕಾದರೆ ಎರಡು ಲಕ್ಷ ರೋಟಿಫರ್ ಬೇಕು. ಹನ್ನೆರಡು ಲೀಟರಿನ ಬಕೆಟಿನಲ್ಲಿ ಮಿಲಿಲೀಟರಿಗೆ ನೂರರಂತೆ ಹನ್ನೆರಡು ಲಕ್ಷವಿರುತ್ತವೆ. ದಿನದ ಕೊಯ್ಲು ಮೂರು ಲಕ್ಷ. ಅಂದರೆ ಚೆನ್ನಾಗಿ ನಡೆಯುವ ಒಂದು ಬಕೆಟು ಒಂದು ಮರಿತೊಟ್ಟಿಯನ್ನು ಸಾಕುತ್ತದೆ. ಆ ಬಕೆಟು ಈ ಸ್ಥಿತಿಗೆ ಬರಲು ಕೆಲವು ವಾರ ಬೇಕು. ಜೋಡಿಮೀನು ಮೊಟ್ಟೆಯಿಟ್ಟ ಮೇಲೆ ರೋಟಿಫರ್ ಹುಡುಕಲು ಹೊರಟರೆ ಆ ಸಲದ ಮರಿಗಳು ಉಳಿಯುವುದಿಲ್ಲ.

ಹಿಂದೆ ಪಾಚಿಗೆ ಬದಲಾಗಿ ಬ್ರೆಡ್ಡಿನ ಈಸ್ಟ್ ಹಾಕಿ ರೋಟಿಫರ್ ಬೆಳೆಸುತ್ತಿದ್ದರು, ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಅಗ್ಗ, ಸಂಖ್ಯೆಯೂ ಬರುತ್ತದೆ. ಆದರೆ ಈಸ್ಟಿನಲ್ಲಿ ಡಿಎಚ್‌ಎ, ಇಪಿಎ ಎರಡೂ ಇಲ್ಲ, ನೀರು ಬೇಗ ಕೆಡುತ್ತದೆ. ಈಸ್ಟ್ ತಿಂದ ರೋಟಿಫರನ್ನು ನೇರವಾಗಿ ಮರಿಗೆ ಕೊಡುವುದು ಬರಿಗಂಜಿ ಕುಡಿಸಿದಷ್ಟೇ. ಕೊಡಲೇಬೇಕಾದರೆ ಮೊದಲು ಕೆಲವು ಗಂಟೆ ಐಸೊಕ್ರೈಸಿಸ್ ನೀರಿನಲ್ಲೋ, ಮೀನೆಣ್ಣೆಯನ್ನು ಹಾಲಿನಂತೆ ಕದಡಿದ ಪುಷ್ಟಿದ್ರಾವಣದಲ್ಲೋ ಬಿಟ್ಟು, ತೊಳೆದು ಕೊಡಬೇಕು. ರೋಟಿಫರ್ ತಾನು ತಿಂದದ್ದನ್ನು ಹೊಟ್ಟೆಯಲ್ಲಿ ಹೊತ್ತೊಯ್ದು ಮರಿಗೆ ಮುಟ್ಟಿಸುತ್ತದೆ. ಮರಿತೊಟ್ಟಿಯಲ್ಲಿ ತಿನ್ನಿಸಿಕೊಳ್ಳದೆ ಉಳಿದದ್ದು ಕೆಲವೇ ಗಂಟೆಗಳಲ್ಲಿ ಆ ಬುತ್ತಿಯನ್ನು ಕರಗಿಸಿಕೊಂಡು ಬರಿದಾಗುತ್ತದೆ. ಮರಿತೊಟ್ಟಿಯ ನೀರಿಗೂ ಪಾಚಿ ಬೆರೆಸಿ ಹಸಿರಾಗಿಡುವುದು ಇದಕ್ಕಾಗಿಯೇ. ಹಸಿರು ಹಿನ್ನೆಲೆಯಲ್ಲಿ ರೋಟಿಫರ್ ಮರಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಜೀವಂತ ಪಾಚಿಯಾದರೆ ಅಮೋನಿಯವೂ ತಗ್ಗುತ್ತದೆ.

ಆರ್ಟೀಮಿಯಾ

ಅಕ್ವೇರಿಯಂ ಅಂಗಡಿಗಳಲ್ಲಿ ಬ್ರೈನ್ ಶ್ರಿಂಪ್ ಎಂದು ಮಾರುವ ಕಂದುಪುಡಿ ವಾಸ್ತವದಲ್ಲಿ ಆರ್ಟೀಮಿಯಾದ ಸುಪ್ತ ಮೊಟ್ಟೆಗಳು. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಇದರ ದೊಡ್ಡ ಮೂಲ. ನಮ್ಮಲ್ಲಿ ತೂತ್ತುಕುಡಿಯ ಉಪ್ಪಿನಗದ್ದೆಗಳಲ್ಲೂ ಆರ್ಟೀಮಿಯಾ ಇದೆ. ಡಬ್ಬದಲ್ಲಿಟ್ಟ ಮೊಟ್ಟೆಯನ್ನು ಬೇಕೆಂದಾಗ ನೆನೆಹಾಕಿದರೆ ಮರುದಿನ ಮರಿ ಸಿದ್ಧ; ಪ್ಲವಕಾಹಾರಗಳಲ್ಲಿ ಇಷ್ಟು ಅನುಕೂಲದ್ದು ಬೇರೊಂದಿಲ್ಲ.

ತಲೆಕೆಳಗಾಗಿ ನಿಲ್ಲಿಸಿ ಬುಡ ಕತ್ತರಿಸಿದ ಬಾಟಲಿಯಲ್ಲಿ ಲೀಟರಿಗೆ 25ರಿಂದ 30 ಗ್ರಾಂ ಉಪ್ಪಿನ ನೀರು ತುಂಬಿ, ಒಂದೆರಡು ಗ್ರಾಂ ಮೊಟ್ಟೆ ಹಾಕಿ, ತಳದಿಂದ ಜೋರಾಗಿ ಗಾಳಿ ಬಿಡಬೇಕು. ಅಯೋಡಿನ್ ಬೆರೆಸದ ಕಲ್ಲುಪ್ಪೇ ಸಾಕು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀರಿನ ಕ್ಷಾರಗುಣ ಉಳಿಯುತ್ತದೆ. 28 ಡಿಗ್ರಿ ಉಷ್ಣತೆ, ಮೊದಲ ಗಂಟೆಗಳಲ್ಲಿ ಒಳ್ಳೆಯ ಬೆಳಕು ಇದ್ದರೆ 18ರಿಂದ 24 ಗಂಟೆಯಲ್ಲಿ ಒಡೆಯುತ್ತವೆ. ಒಳ್ಳೆಯ ಸರಕಿನ ಒಂದು ಗ್ರಾಂಗೆ ಎರಡು ಲಕ್ಷಕ್ಕೂ ಹೆಚ್ಚು ಮರಿ ಬರುತ್ತವೆ. ಗಾಳಿ ನಿಲ್ಲಿಸಿದರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿದ್ದ ಕಡೆ ಗುಂಪುಗೂಡುತ್ತವೆ, ಕೊಳವೆಯಿಂದ ಎಳೆದುಕೊಳ್ಳಬಹುದು. ಚಿಪ್ಪು ಮೀನುಮರಿಯ ಕರುಳಿನಲ್ಲಿ ಸಿಕ್ಕಿಕೊಳ್ಳುವುದರಿಂದ ಅದನ್ನು ಪೂರ್ತಿ ಬೇರ್ಪಡಿಸಬೇಕು, ಅಥವಾ ನೆನೆಸಿದ ಮೊಟ್ಟೆಯನ್ನು ಬ್ಲೀಚಿನಲ್ಲಿ ಕದಡಿ ಚಿಪ್ಪನ್ನೇ ಕರಗಿಸಬೇಕು. ಕಂದು ಹೋಗಿ, ಬಿಳಿಯಾಗಿ, ಕಿತ್ತಳೆ ಬಣ್ಣ ಬಂದ ಕೂಡಲೇ ತೊಳೆದು ಥಯೋಸಲ್ಫೇಟ್ ಹಾಕಿ ನಿಲ್ಲಿಸಬೇಕು.

ಹುಟ್ಟಿದ ಮರಿ 400ರಿಂದ 500 ಮೈಕ್ರಾನ್ ಉದ್ದವಿದ್ದು, ತನ್ನದೇ ಹಳದಿಯಿಂದ ತುಂಬಿರುತ್ತದೆ. ಆ ಹಂತದಲ್ಲಿ ಅದಕ್ಕೆ ಬಾಯಿಲ್ಲ. ಸುಮಾರು ಎಂಟು ಗಂಟೆಯ ಮೇಲೆ ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದಾಗ ತಿನ್ನಲಾರಂಭಿಸುತ್ತದೆ. ಆ ಹೊತ್ತಿಗೆ ಹಳದಿ ಕರಗಿ ಸತ್ವ ಇಳಿದಿರುತ್ತದೆ. ಹಾಗಾಗಿ ಒಡೆದ ತಕ್ಷಣ ಕೊಡಬೇಕು, ಅಥವಾ ಫ್ರಿಜ್ಜಿನ ತಂಪಿನಲ್ಲಿಟ್ಟು ಬೆಳವಣಿಗೆಯನ್ನು ತಡೆಯಬೇಕು, ಇಲ್ಲವೇ ಎರಡನೆಯ ಹಂತದಲ್ಲಿ ಪುಷ್ಟಿದ್ರಾವಣ ಕುಡಿಸಿ ಕೊಡಬೇಕು. ಆರ್ಟೀಮಿಯಾದಲ್ಲಿ ಸಹಜವಾಗಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ತುಂಬಿಸಿದರೂ ತನ್ನ ದೇಹದಲ್ಲಿ ಅದನ್ನು ಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತದೆ. ಇದು ಉಪ್ಪಿನ ಸರೋವರದ ಜೀವಿ. ಕಡಲಮೀನಿನ ಮರಿ ಸಹಜವಾಗಿ ಎಂದೂ ತಿನ್ನುತ್ತಿದ್ದ ಆಹಾರವಲ್ಲ ಎಂಬುದನ್ನು ನೆನಪಿಡಬೇಕು.

ಕೋಪಿಪಾಡ್

ಕಡಲಿನಲ್ಲಿ ಮೀನುಮರಿಗಳು ನಿಜವಾಗಿ ತಿನ್ನುವುದು ಕೋಪಿಪಾಡ್ ಮರಿಗಳನ್ನು. ಅವುಗಳ ದೇಹದಲ್ಲಿ ಡಿಎಚ್‌ಎ ಧಾರಾಳವಾಗಿದೆ, ಅದೂ ಮರಿಗೆ ಸುಲಭವಾಗಿ ದಕ್ಕುವ ಫಾಸ್ಫೋಲಿಪಿಡ್ ರೂಪದಲ್ಲಿ. ಮೊಟ್ಟೆಯೊಡೆದ ಮೇಲೆ ಆರು ನಾಪ್ಲಿಯಸ್ ಹಂತ, ಆಮೇಲೆ ಐದು ಕೋಪಿಪೋಡಿಡ್ ಹಂತ ದಾಟಿ ಪ್ರೌಢವಾಗುವುದರಿಂದ ಒಂದೇ ಪಾತ್ರೆಯಲ್ಲಿ ಹಲವು ಗಾತ್ರದ ತುತ್ತುಗಳಿರುತ್ತವೆ. ರೋಟಿಫರ್ ಒಂದೇ ಸಮನೆ ತೇಲಿಹೋದರೆ, ಕೋಪಿಪಾಡ್ ಮರಿ ತಟ್ಟನೆ ಜಿಗಿದು ನಿಲ್ಲುತ್ತದೆ. ಆ ಜಿಗಿತಕ್ಕೆ ಮೀನುಮರಿಯ ಕಣ್ಣು ತಕ್ಷಣ ಹೊರಳುತ್ತದೆ.

ಮನೆಗೆ ಸುಲಭವಾದವು ತಳದಲ್ಲಿ ಹರಿದಾಡುವ ಟಿಸ್ಬೆ, ಬಂಡೆಯ ಕುಳಿನೀರಿನ ಟಿಗ್ರಿಯೋಪಸ್, ಒತ್ತೊತ್ತಾಗಿ ಬದುಕಬಲ್ಲ ಅಪೊಸೈಕ್ಲಾಪ್ಸ್. ಟಿಸ್ಬೆಯನ್ನು ಒಂದು ಅಗಲ ತಟ್ಟೆಯಲ್ಲೂ ಬೆಳೆಸಬಹುದು. ಆದರೆ ತೀರ ಸಣ್ಣ ಬಾಯಿಯ ಮರಿಗಳಿಗೆ ಬೇಕಾಗುವುದು ನಡುನೀರಿನಲ್ಲಿ ಈಜುವ ಕ್ಯಾಲನಾಯ್ಡ್ ಬಳಗ, ಅದರಲ್ಲೂ ಪಾರ್ವೊಕ್ಯಾಲನಸ್. ಇದಕ್ಕೆ ಹಿಟ್ಟಿನ ಪಾಚಿ ನಡೆಯದು, ಜೀವಂತ ಐಸೊಕ್ರೈಸಿಸ್ ದಿನವೂ ಬೇಕು. ರೋಟಿಫರಿನಂತೆ ಇದು ಮಿಲಿಲೀಟರಿಗೆ ನೂರಾರು ಸಂಖ್ಯೆಯಲ್ಲಿ ಬೆಳೆಯುವುದಿಲ್ಲ, ಕೆಲವೇ ಬಿಡಿಸಂಖ್ಯೆಯಲ್ಲಿರುತ್ತದೆ. ಅದೇ ಬಳಗದ ಅಕಾರ್ಟಿಯಾ ಇನ್ನೂ ವಿರಳವಾಗಿರಬೇಕು, ಒತ್ತಾದರೆ ತನ್ನ ಮೊಟ್ಟೆ ಮರಿಗಳನ್ನೇ ತಿನ್ನುತ್ತದೆ. ಅದರ ಮೊಟ್ಟೆಗಳು ತಳಕ್ಕೆ ಬೀಳುವುದರಿಂದ ಎಳೆದು ತೆಗೆದು ತಂಪಿನಲ್ಲಿಟ್ಟುಕೊಳ್ಳಬಹುದೆಂಬುದು ಒಂದು ಅನುಕೂಲ. ಕೋಪಿಪಾಡ್ ಪಾತ್ರೆಗೆ ರೋಟಿಫರ್ ನುಸುಳಿದರೆ ಆಟ ಮುಗಿಯಿತು. ಬೇಗ ಹೆಚ್ಚುವ ರೋಟಿಫರ್ ಪಾಚಿಯನ್ನೆಲ್ಲ ಮೇಯ್ದುಬಿಡುತ್ತದೆ.

ಕರಾವಳಿಯಲ್ಲಿರುವವರು ಪ್ಲವಕದ ಬಲೆ ಎಳೆದು, ಜಾಲರಿಗಳಲ್ಲಿ ಗಾತ್ರಕ್ಕೆ ತಕ್ಕಂತೆ ಸೋಸಿ ಕಾಡು ಕೋಪಿಪಾಡುಗಳನ್ನೇ ಕೊಡಬಹುದು. ಪೋಷಣೆಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಮರಿಗಳನ್ನೇ ಹಿಡಿದು ತಿನ್ನುವ ಜೆಲ್ಲಿ ಜೀವಿಗಳು, ಪರಾವಲಂಬಿಗಳು ಜೊತೆಗೇ ಬರುತ್ತವೆ.

ಕ್ಲೌನ್ ಮೀನಿನ ಮರಿತೊಟ್ಟಿ

ಇವೆಲ್ಲ ಒಂದೆಡೆ ಸೇರುವುದನ್ನು ನೋಡಲು ಕ್ಲೌನ್ ಮೀನೇ ತಕ್ಕ ಉದಾಹರಣೆ. ಜೋಡಿ ಒಂದು ಹೆಂಚಿನ ಮೇಲೋ ಮಣ್ಣಿನ ಕುಂಡದ ಮೇಲೋ ನೂರಾರು ಕಿತ್ತಳೆ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಕಾವಲು ಕಾಯುತ್ತದೆ. ಒಂದು ವಾರದ ಹೊತ್ತಿಗೆ ಮೊಟ್ಟೆಗಳು ಬೆಳ್ಳಿಯಂತೆ ಹೊಳೆಯುತ್ತವೆ. ಅವು ಒಳಗಿನ ಮರಿಗಳ ಕಣ್ಣುಗಳು. ಅಂದು ರಾತ್ರಿ ದೀಪ ಆರಿದ ಒಂದೆರಡು ಗಂಟೆಯಲ್ಲಿ ಒಡೆಯುತ್ತವೆ. ಆ ಸಂಜೆಯೇ ಹೆಂಚನ್ನು ಮರಿತೊಟ್ಟಿಗೆ ಸಾಗಿಸಬೇಕು, ಅದೇ ನೀರು, ಅದೇ ಉಷ್ಣತೆ ಇರಬೇಕು.

ತೊಟ್ಟಿಯ ಬದಿಗಳಿಗೆ ಕಪ್ಪು ಕಾಗದ ಅಂಟಿಸಬೇಕು, ಇಲ್ಲವಾದರೆ ಮರಿಗಳು ಹೊಳೆಯುವ ಗಾಜಿಗೆ ಮುಖ ಕುಟ್ಟುತ್ತ ಸುಸ್ತಾಗುತ್ತವೆ. ಬೆಳಗ್ಗೆ ಮಂದ ಬೆಳಕು, ತೆಳುಹಸಿರು ನೀರು, ಮಿಲಿಲೀಟರಿಗೆ ಐದರಿಂದ ಹದಿನೈದು ರೋಟಿಫರ್. ಮರಿಯ ಹೊಟ್ಟೆ ತುಂಬಿ ಬೆಳ್ಳಗೆ ಕಾಣಬೇಕು. ನಾಲ್ಕನೆಯ ಐದನೆಯ ದಿನದಿಂದ ಸ್ವಲ್ಪ ಸ್ವಲ್ಪವಾಗಿ ಆಗತಾನೆ ಒಡೆದ ಆರ್ಟೀಮಿಯಾ ಸೇರಿಸಬೇಕು, ರೋಟಿಫರನ್ನು ಕೂಡಲೇ ನಿಲ್ಲಿಸಬಾರದು. ಚಿಕ್ಕವು ಇನ್ನೂ ಅದನ್ನೇ ನಂಬಿಕೊಂಡಿರುತ್ತವೆ. ಎಂಟರಿಂದ ಹದಿನೈದನೆಯ ದಿನದೊಳಗೆ ಮೊದಲ ಬಿಳಿಪಟ್ಟಿ ಮೂಡಿ, ಮರಿಗಳು ತಳದ ಕಡೆ ಇಳಿದು ಓಲಾಡುತ್ತ ಈಜಲಾರಂಭಿಸುತ್ತವೆ. ಅಲ್ಲಿಂದ ಮುಂದೆ ನುಣ್ಣನೆಯ ಒಣ ಆಹಾರಕ್ಕೆ ಒಗ್ಗಿಸಬಹುದು. ಈ ದಿನಗಳುದ್ದಕ್ಕೂ ಅಮೋನಿಯವನ್ನು ದಿನವೂ ಅಳೆಯಬೇಕು, ತಳದ ಕೊಳೆಯನ್ನು ಕೊಳವೆಯಿಂದ ಎಳೆಯಬೇಕು. ಹಸಿವಿನಷ್ಟೇ ಮರಿಗಳನ್ನು ಕೊಲ್ಲುವುದು ಹೆಚ್ಚಾಗಿ ಹಾಕಿದ ಆಹಾರ.

ನಮ್ಮಲ್ಲಿ

ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಮುಖ್ಯವಾಗಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ. ಅದರ ಮಂಡಪಂ ಕೇಂದ್ರದಲ್ಲಿ 2010ರಲ್ಲಿ ಕೋಬಿಯಾ, 2011ರಲ್ಲಿ ಬೆಳ್ಳಿ ಪಾಂಪನೊ ಮರಿಗಳು ಹುಟ್ಟಿ ಬೆಳೆದದ್ದರ ಹಿಂದೆ ಇದೇ ಪಾಚಿ, ರೋಟಿಫರ್, ಆರ್ಟೀಮಿಯಾಗಳ ಸರಪಳಿ ಇತ್ತು. ಕಾರವಾರದ ಕಡಲಿನಲ್ಲಿ ಪಂಜರಗಳಲ್ಲಿ ಸಾಕುವ ಮೀನುಗಳಿಗೂ ಮರಿ ಇಂಥ ಕೇಂದ್ರಗಳಿಂದಲೇ ಬರಬೇಕು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಈ ಕ್ಷೇತ್ರಕ್ಕೆ ಪದವೀಧರರನ್ನು ಕೊಡುತ್ತಿದೆ.

ಕರಾವಳಿಯ ಹವ್ಯಾಸಿಗೆ ಕಡಲ ನೀರು ಹತ್ತಿರವಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗಳ ಕೆಂಪುನೀರು ಸೇರಿ ಉಪ್ಪಿನಂಶ ಇಳಿಯುತ್ತದೆ. ಮಳೆಗೆ ಮುಂಚೆಯೇ ನೀರು ಸಂಗ್ರಹಿಸಿ ಕತ್ತಲಲ್ಲಿಡಬೇಕು. ಬೆಂಗಳೂರು, ಮೈಸೂರಿನವರು ಶುದ್ಧೀಕರಿಸಿದ ನೀರಿಗೆ ಕೃತಕ ಕಡಲುಪ್ಪು ಬೆರೆಸುತ್ತಾರೆ, ಒಮ್ಮೆ ಅಳತೆ ಗೊತ್ತಾದರೆ ಅದೇ ಹೆಚ್ಚು ನಂಬಿಕೆಯದು. ಎಲ್ಲರಿಗೂ ಸಮಾನವಾದ ಕಷ್ಟ ವಿದ್ಯುತ್ತಿನದು: ರೋಟಿಫರ್ ತುಂಬಿದ ಬಕೆಟು ಗಾಳಿಯಿಲ್ಲದೆ ಹೆಚ್ಚು ಹೊತ್ತು ತಾಳದು, ಬ್ಯಾಟರಿ ಪಂಪು ಇರಲೇಬೇಕು. ಆರ್ಟೀಮಿಯಾ ತಿಂದು ಬೆಳೆಯುತ್ತದೆಂದು ಕಡಲಕುದುರೆಯನ್ನು ಸಾಕಲು ಹೊರಡುವವರಿದ್ದಾರೆ. 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿಯುವುದೂ ಮಾರುವುದೂ ಅಪರಾಧ.

ಮನೆಯ ಮಟ್ಟದಲ್ಲಿ ಇಂದಿಗೆ ಕ್ಲೌನ್ ಮೀನು, ಕಾರ್ಡಿನಲ್, ನಿಯಾನ್ ಗೋಬಿ, ಡಾಟಿಬ್ಯಾಕ್ ಕೈಗೆಟುಕುತ್ತವೆ. ನೀರಿನಲ್ಲಿ ತೇಲುವ ಮೊಟ್ಟೆಯಿಡುವ ಟ್ಯಾಂಗ್, ಏಂಜಲ್ ಬಳಗ ಬಹುಮಟ್ಟಿಗೆ ಇನ್ನೂ ಮನೆಯ ಮಟ್ಟಕ್ಕೆ ಇಳಿದಿಲ್ಲ. ಹವಾಯಿಯ ಓಶಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಹಳದಿ ಟ್ಯಾಂಗ್ ಮರಿಗಳನ್ನು, ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ನೀಲಿ ಟ್ಯಾಂಗ್ ಮರಿಗಳನ್ನು ಮೊದಲ ಸಲ ದಡ ಮುಟ್ಟಿಸಿದವು. ಎರಡೂ ಕಡೆ ಮೊದಲ ತುತ್ತಾದದ್ದು ಪಾರ್ವೊಕ್ಯಾಲನಸ್ ಕೋಪಿಪಾಡಿನ ನಾಪ್ಲಿಯಸ್. ಕ್ಲೌನ್ ಮೀನಿನ ಮರಿ ಎರಡು ವಾರದೊಳಗೆ ದಾಟುವ ಹಂತವನ್ನು ಹಳದಿ ಟ್ಯಾಂಗ್ ದಾಟಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ, ಅದರ ಮೊದಲ ಹಲವು ದಿನ ಕೋಪಿಪಾಡ್ ಒಂದು ಹೊತ್ತೂ ತಪ್ಪಬಾರದು. ಅಷ್ಟು ಕೋಪಿಪಾಡಿಗೆ ಬೇಕಾದ ಐಸೊಕ್ರೈಸಿಸ್ ಬೆಳೆಸಲು ಬಾಟಲಿಗಳು ಸಾಲವು, ನೂರಾರು ಲೀಟರಿನ ಪಾಚಿತೊಟ್ಟಿಗಳೇ ಬೇಕಾಗುತ್ತವೆ.